ಫುಲ್ ಸಿಗ್ನಲ್ ಇದ್ದರೂ ವೈಫೈ ಸ್ಲೋ ಯಾಕೆ? ಕೊಚ್ಚಿಯ ಫ್ಲಾಟ್‌ಗಳಿಂದ ತುಂಬಾದ ಮಳೆ ರಾಡಾರ್‌ವರೆಗೆ ಅಲೆಗಳ ಜಗಳ

ತಿರುವನಂತಪುರ: ಕೇರಳ ಸರ್ಕಾರದ ಸ್ವಂತ ಇಂಟರ್ನೆಟ್ ಜಾಲ ಕೆ-ಫೋನ್‌ಗೆ 2023ರ ಜೂನ್ 5ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಚಾಲನೆ ನೀಡಿದ್ದರು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್ನೆಟ್, 30 ಸಾವಿರ ಸರ್ಕಾರಿ ಕಚೇರಿಗಳಿಗೆ ಸಂಪರ್ಕ ಎಂಬುದು ಯೋಜನೆಯ ಗುರಿ. ವಿದ್ಯುತ್ ಮಂಡಳಿಯ ಕಂಬಗಳ ಮೇಲೇ ಫೈಬರ್ ಕೇಬಲ್ ಎಳೆದು ಮನೆಮನೆಗೆ ತಲುಪಿಸುವ ಲೆಕ್ಕಾಚಾರ. ಅದಕ್ಕೂ ನಾಲ್ಕು ವರ್ಷ ಮೊದಲು, 2019ರ ಸೆಪ್ಟೆಂಬರ್‌ನಲ್ಲಿ, ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ ವಿದ್ಯಾರ್ಥಿನಿಯೊಬ್ಬರ ಅರ್ಜಿಯ ವಿಚಾರಣೆ ನಡೆಸಿ, ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತ್ತು.

ಹಕ್ಕೂ ಸಿಕ್ಕಿತು, ಫೈಬರ್ರೂ ಬಾಗಿಲಿಗೆ ಬಂತು. ಆದರೆ ಅಸಲಿ ತಲೆನೋವು ಶುರುವಾಗುವುದು ಆಮೇಲೆ. ಹಾಲ್‌ನಲ್ಲಿ ಚೆನ್ನಾಗಿ ಓಡುವ ವಿಡಿಯೋ ಬೆಡ್‌ರೂಮ್‌ನಲ್ಲಿ ಸುತ್ತುತ್ತಾ ನಿಲ್ಲುತ್ತದೆ. ಫೋನ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಆನ್‌ಲೈನ್ ಕ್ಲಾಸ್ ಕಟ್ ಆಗುತ್ತದೆ. ಕಂಪನಿಗೆ ಫೋನ್ ಮಾಡಿದರೆ 'ನಮ್ಮ ಕಡೆಯಿಂದ ಸ್ಪೀಡ್ ಸರಿಯಾಗೇ ಇದೆ ಸಾರ್' ಎಂಬ ಉತ್ತರ. ಬಹಳಷ್ಟು ಸಲ ಅವರು ಹೇಳುವುದು ನಿಜವೂ ಹೌದು. ಎಡವಟ್ಟಾಗುವುದು ರೂಟರ್‌ನಿಂದ ಫೋನ್‌ವರೆಗಿನ ಕೊನೆಯ ಹತ್ತು ಮೀಟರ್‌ನಲ್ಲಿ, ಅಂದರೆ ತಂತಿಯಿಲ್ಲದ ಜಾಗದಲ್ಲಿ.

ಹೊರಟದ್ದೆಷ್ಟು, ತಲುಪುವುದೆಷ್ಟು?

ವೈಫೈ ಎಂದರೆ ರೇಡಿಯೋ, ಅಷ್ಟೇ. ಎಫ್‌ಎಂ ಸ್ಟೇಷನ್ 100 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಪ್ರಸಾರ ಮಾಡಿದರೆ ರೂಟರ್ 2.4 ಗಿಗಾಹರ್ಟ್ಜ್ ಅಥವಾ 5 ಗಿಗಾಹರ್ಟ್ಜ್‌ನಲ್ಲಿ ಮಾತಾಡುತ್ತದೆ. ವ್ಯತ್ಯಾಸ ಇಷ್ಟೇ, ಎಫ್‌ಎಂನಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ವೈಫೈನಲ್ಲಿ ರೂಟರ್ ಜೊತೆಗೆ ಪ್ರತಿ ಫೋನ್, ಟಿವಿ, ಲ್ಯಾಪ್‌ಟಾಪ್ ಕೂಡ ಮಾತಾಡಲೇಬೇಕು.

ಮನೆ ರೂಟರ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ಮಿಲಿವಾಟ್ ಆಸುಪಾಸು. ಅದು ದೂರ ಹೋದಂತೆ ಹರಡಿ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಗೋಡೆ ಬಂದರೆ ಇನ್ನಷ್ಟು ಕುಸಿತ. ವೈಫೈ ಅಳೆಯುವ ಆ್ಯಪ್‌ಗಳಲ್ಲಿ ಮೈನಸ್ 50, ಮೈನಸ್ 70 ಎಂಬ ಅಂಕಿಗಳು ಕಾಣುತ್ತವಲ್ಲ, ಅದು ಡಿಬಿಎಂ ಲೆಕ್ಕ. ಪ್ರತಿ 10 ಅಂಕಿ ಇಳಿದರೆ ಶಕ್ತಿ ಹತ್ತನೇ ಒಂದು ಭಾಗವಾಯಿತು ಎಂದರ್ಥ. ಮೈನಸ್ 70 ತೋರಿಸುತ್ತಿದ್ದರೆ ರೂಟರ್‌ನಿಂದ ಹೊರಟ ಶಕ್ತಿಯ 100 ಕೋಟಿಯಲ್ಲಿ ಒಂದು ಪಾಲು ಮಾತ್ರ ನಿಮ್ಮ ಫೋನ್‌ಗೆ ತಲುಪುತ್ತಿದೆ. ಅಷ್ಟರಲ್ಲೂ ಸಿನಿಮಾ ಓಡುತ್ತದೆ ಎಂಬುದೇ ಅಚ್ಚರಿ.

ಇಷ್ಟು ಸಣ್ಣ ಸದ್ದನ್ನು ಕೇಳಿಸಿಕೊಳ್ಳಬೇಕಾದರೆ ಸುತ್ತಮುತ್ತ ನಿಶ್ಶಬ್ದ ಇರಬೇಕು. ಫೋನ್‌ನ ಕಡ್ಡಿಗಳು ತೋರಿಸುವುದು ಸದ್ದು ಎಷ್ಟು ಜೋರಾಗಿದೆ ಎಂಬುದನ್ನು ಮಾತ್ರ. ಅಕ್ಕಪಕ್ಕ ಎಷ್ಟು ಗಲಾಟೆ ಇದೆ, ಮಾತಾಡಲು ಸರದಿ ಸಿಗುತ್ತಿದೆಯೇ ಎಂಬುದನ್ನು ಕಡ್ಡಿ ಹೇಳುವುದಿಲ್ಲ. ಫುಲ್ ಸಿಗ್ನಲ್ ಇದ್ದೂ ನೆಟ್ ಸ್ಲೋ ಎನ್ನುವುದರ ಗುಟ್ಟು ಇದೇ.

ಕಾಕ್ಕನಾಡಿನ ಫ್ಲಾಟ್‌ನಲ್ಲಿ ಮೂರೇ ಖಾಲಿ ದಾರಿ

ಕೊಚ್ಚಿಯ ಇನ್ಫೋಪಾರ್ಕ್ ಸುತ್ತಲಿನ ಕಾಕ್ಕನಾಡಿನಲ್ಲಿ ಸಾಲು ಸಾಲು ಅಪಾರ್ಟ್‌ಮೆಂಟ್‌ಗಳಿವೆ. ಇಂಥ ಕಟ್ಟಡವೊಂದರಲ್ಲಿ ಫೋನ್ ತೆಗೆದು ವೈಫೈ ಪಟ್ಟಿ ನೋಡಿದರೆ ಇಪ್ಪತ್ತು, ಮೂವತ್ತು ಹೆಸರು ಕಾಣುವುದು ಮಾಮೂಲು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇರುವವರಿಗೂ ಈ ಪಟ್ಟಿ ಹೊಸದೇನಲ್ಲ.

ಭಾರತದಲ್ಲಿ 2.4 ಗಿಗಾಹರ್ಟ್ಜ್ ಬ್ಯಾಂಡ್ ಲೈಸೆನ್ಸ್ ಇಲ್ಲದೆ ಬಳಸಲು ಮುಕ್ತವಾಗಿದ್ದು 2005ರ ಜನವರಿಯಲ್ಲಿ. 2400ರಿಂದ 2483.5 ಮೆಗಾಹರ್ಟ್ಜ್‌ವರೆಗೆ, ಒಟ್ಟು 83.5 ಮೆಗಾಹರ್ಟ್ಜ್ ಅಗಲದ ಜಾಗ. ಇದರಲ್ಲಿ 13 ಚಾನೆಲ್‌ಗಳಿವೆ ಎಂದು ರೂಟರ್ ಸೆಟ್ಟಿಂಗ್ ತೋರಿಸುತ್ತದೆ. ಆದರೆ ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಇರುವ ಅಂತರ 5 ಮೆಗಾಹರ್ಟ್ಜ್, ಒಂದು ವೈಫೈಗೆ ಬೇಕಿರುವ ಅಗಲ ಸುಮಾರು 20 ಮೆಗಾಹರ್ಟ್ಜ್. ಅಂದರೆ ಬಸ್ಸಿನ ಸೀಟಿಗೆ 13 ನಂಬರ್ ಬರೆದು ಒಬ್ಬೊಬ್ಬರಿಗೂ ನಾಲ್ಕು ಸೀಟು ಬೇಕು ಎಂದಂತೆ. ಒಬ್ಬರ ಮೇಲೊಬ್ಬರು ಕೂರದೆ ಇರಬೇಕಾದರೆ 1, 6 ಮತ್ತು 11, ಈ ಮೂರೇ ಚಾನೆಲ್ ಗತಿ. ಮೂವತ್ತು ಮನೆಗಳಿಗೆ ಮೂರು ದಾರಿ.

ಒಂದೇ ಚಾನೆಲ್‌ನಲ್ಲಿ ಹಲವು ರೂಟರ್ ಇದ್ದರೆ ಅವು ಪರಸ್ಪರ ಕಿರುಚಾಡುವುದಿಲ್ಲ. ವೈಫೈ ಸಭ್ಯ ತಂತ್ರಜ್ಞಾನ. ಮಾತಾಡುವ ಮೊದಲು ಕಿವಿಗೊಟ್ಟು ಕೇಳುತ್ತದೆ, ಬೇರೆಯವರು ಮಾತಾಡುತ್ತಿದ್ದರೆ ಕಾಯುತ್ತದೆ. ಹಾಗಾಗಿ ವೇಗ ಹಂಚಿಹೋಗುತ್ತದೆ, ಕೆಲಸವಂತೂ ನಡೆಯುತ್ತದೆ. ನಿಜವಾದ ಕಿತ್ತಾಟ ಹುಟ್ಟುವುದು ಯಾರೋ ಜಾಣತನ ತೋರಿಸಿ 3 ಅಥವಾ 8ನೇ ಚಾನೆಲ್‌ಗೆ ಹೋದಾಗ. ಆಗ ಆ ರೂಟರ್ ಎರಡೂ ಬದಿಯ ಚಾನೆಲ್‌ಗಳ ಮೇಲೆ ಅರ್ಧಂಬರ್ಧ ಬೀಳುತ್ತದೆ. ಅದರ ಮಾತು ಪಕ್ಕದವರಿಗೆ ಅರ್ಥವಾಗುವುದಿಲ್ಲ, ಬರೀ ಗದ್ದಲವಾಗಿ ಕೇಳಿಸುತ್ತದೆ. ಇಲ್ಲಿ ಖಾಲಿ ಕಂಡ ಸೀಟು ಖಾಲಿ ಅಲ್ಲ.

ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ದೂರದ ಕೋಣೆಯಲ್ಲಿರುವ ಹಳೇ ಫೋನ್ ಅಥವಾ ಅಗ್ಗದ ಕ್ಯಾಮೆರಾ ದುರ್ಬಲ ಸಿಗ್ನಲ್‌ನಿಂದಾಗಿ ನಿಧಾನವಾಗಿ ಮಾತಾಡುತ್ತದೆ. ಅದೇ ಡೇಟಾ ಕಳಿಸಲು ಅದಕ್ಕೆ ಹತ್ತಾರು ಪಟ್ಟು ಹೆಚ್ಚು ಹೊತ್ತು ಬೇಕು. ಅದು ಮುಗಿಸುವವರೆಗೆ ಮನೆಯ ಹೊಸ ಫೋನ್ ಕೂಡ ಕ್ಯೂನಲ್ಲಿ ನಿಲ್ಲಬೇಕು. ರೇಷನ್ ಅಂಗಡಿಯಲ್ಲಿ ಮುಂದಿನವರು ಚಿಲ್ಲರೆ ಎಣಿಸುತ್ತಾ ನಿಂತ ಹಾಗೆ.

ಓವನ್, ಬ್ಲೂಟೂತ್, ಪೆನ್‌ಡ್ರೈವ್

ಅಡ್ಡಿ ಮಾಡುವುದು ವೈಫೈ ಮಾತ್ರ ಅಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಜ್‌ನಲ್ಲೇ. ಒಳಗೆ 800 ವಾಟ್ ಶಕ್ತಿ ಇದ್ದು ಅದರ ಹತ್ತು ಸಾವಿರದಲ್ಲಿ ಒಂದು ಪಾಲು ಬಾಗಿಲ ಸಂದಿಯಿಂದ ಸೋರಿದರೂ 80 ಮಿಲಿವಾಟ್ ಆಯಿತು. ಅದು ಹೆಚ್ಚುಕಡಿಮೆ ಒಂದು ರೂಟರ್‌ನಷ್ಟೇ ಶಕ್ತಿ. ಆರೋಗ್ಯಕ್ಕೆ ಇದರಿಂದ ಅಪಾಯವಿಲ್ಲ, ಆದರೆ ಸರದಿ ಕಾಯುವ ಸಭ್ಯತೆ ಓವನ್‌ಗೆ ಇಲ್ಲ. ಹಳೇ ಮಾದರಿಯ ಓವನ್‌ಗಳು ನಮ್ಮ 50 ಹರ್ಟ್ಜ್ ಕರೆಂಟಿನ ಪ್ರತಿ ಸುತ್ತಿನ ಅರ್ಧ ಭಾಗದಲ್ಲಿ ಮಾತ್ರ ಅಲೆ ಹೊಮ್ಮಿಸುತ್ತವೆ. ಸುಮಾರು 10 ಮಿಲಿಸೆಕೆಂಡ್ ಗದ್ದಲ, 10 ಮಿಲಿಸೆಕೆಂಡ್ ಮೌನ. ವೈಫೈ ಆ ಮೌನದ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಹಾಗಾಗಿ ಮೀನು ಸಾರು ಬಿಸಿ ಮಾಡುವಾಗ ನೆಟ್ ಪೂರ್ತಿ ಸಾಯುವುದಿಲ್ಲ, ಕುಂಟುತ್ತದೆ.

ಬ್ಲೂಟೂತ್ ಕೂಡ ಇದೇ ಬ್ಯಾಂಡ್. ಆದರೆ ಅದು ಸೆಕೆಂಡಿಗೆ 1600 ಬಾರಿ ಜಾಗ ಬದಲಿಸುತ್ತಾ ವೈಫೈ ಇರುವ ಕಡೆ ತಪ್ಪಿಸಿಕೊಂಡು ಓಡಾಡುತ್ತದೆ, ದೊಡ್ಡ ತೊಂದರೆ ಕೊಡುವುದಿಲ್ಲ. ಅನುಮಾನವೇ ಬಾರದ ಕಳ್ಳ ಬೇರೆ ಇದೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಜ್‌ನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ದಾಖಲಿಸಿತ್ತು. ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಡಿಸ್ಕನ್ನು ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿ ನೋಡಬಹುದು.

ಚೆಂಗಲ್ಲು, ಕನ್ನಡಿ ಮತ್ತು ಮಳೆಗಾಲದ ಮೂಢನಂಬಿಕೆ

ಕೇರಳದ ಹಳೇ ಮನೆಗಳ ಗೋಡೆ ಚೆಂಗಲ್ಲಿನದು. ಕಾಸರಗೋಡು, ಮಂಗಳೂರು, ಉಡುಪಿಯವರಿಗೆ ಇದು ಮುರಕಲ್ಲು ಎಂದರೆ ತಟ್ಟನೆ ಗೊತ್ತಾಗುತ್ತದೆ. ದಪ್ಪ ಗೋಡೆ, ಕಲ್ಲಿನ ತುಂಬಾ ತೂತು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುವ ಗುಣ. ನೀರು ಈ ಅಲೆಗಳನ್ನು ಚೆನ್ನಾಗಿ ನುಂಗುತ್ತದೆ. ಒಣಗಿದ ಗೋಡೆಗಿಂತ ಒದ್ದೆ ಗೋಡೆ ಹೆಚ್ಚು ಸಿಗ್ನಲ್ ತಿನ್ನುವುದು ಇದೇ ಕಾರಣಕ್ಕೆ. 5 ಗಿಗಾಹರ್ಟ್ಜ್ ಅಲೆಗಳಿಗಂತೂ ಇಂಥ ಎರಡು ಗೋಡೆ ದಾಟುವುದು ಕಷ್ಟ. ತಾರಸಿ ಮೇಲೆ ಮಳೆಗೆ ಹಾಕಿಸುವ ತಗಡಿನ ಚಪ್ಪರ, ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವೆಲ್ಲ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ಬಿಸಿಲು ತಡೆಯಲೆಂದು ಐಟಿ ಕಟ್ಟಡಗಳಿಗೆ ಹಾಕುವ ಲೋಹದ ಲೇಪದ ಗಾಜು ಬೆಳಕನ್ನು ಬಿಡುತ್ತದೆ, ಮೊಬೈಲ್ ಸಿಗ್ನಲ್ ಬಿಡುವುದಿಲ್ಲ.

ಮನುಷ್ಯರ ದೇಹದಲ್ಲೂ ಬಹುಪಾಲು ನೀರೇ. ಜನಜಂಗುಳಿ ಎಂದರೆ ವೈಫೈ ಲೆಕ್ಕದಲ್ಲಿ ನಡೆದಾಡುವ ಒದ್ದೆ ಗೋಡೆ. ಎರ್ನಾಕುಳಂ ಜಂಕ್ಷನ್ ರೈಲು ನಿಲ್ದಾಣಕ್ಕೆ 2016ರಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಉಚಿತ ವೈಫೈ ತಂದಾಗ ಒಂದೇ ದೊಡ್ಡ ಆಂಟೆನಾ ಇಡುವ ಬದಲು ಪ್ಲಾಟ್‌ಫಾರ್ಮ್ ಉದ್ದಕ್ಕೂ ಎತ್ತರದಲ್ಲಿ ಹಲವು ಸಾಧನಗಳನ್ನು ಹಂಚಿಡಬೇಕಾದದ್ದು ಇದಕ್ಕೇ. ಅದೇ ನಿಲ್ದಾಣದ ಪೋರ್ಟರ್ ಒಬ್ಬರು ಸಾಮಾನು ಹೊರುತ್ತಲೇ ಇಯರ್‌ಫೋನ್‌ನಲ್ಲಿ ಪಾಠ ಕೇಳಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದ ಸುದ್ದಿ 2018ರಲ್ಲಿ ದೇಶದ ಗಮನ ಸೆಳೆದಿತ್ತು. ಪುಸ್ತಕ ಕೊಳ್ಳಲು ಹಣವಿಲ್ಲದವರಿಗೆ ಪ್ಲಾಟ್‌ಫಾರ್ಮ್‌ನ ಸಿಗ್ನಲ್ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ಮಳೆ ಬಂದರೆ ಮನೆ ವೈಫೈ ಸ್ಲೋ ಆಗುತ್ತದೆ ಎಂಬುದು ನಿಜವೇ? ಗೋಡೆ ನೆನೆದರೆ ಸ್ವಲ್ಪ ವ್ಯತ್ಯಾಸ ಆಗಬಹುದು. ಆದರೆ ಬೀಳುವ ಹನಿಗಳಿಂದ 2.4 ಅಥವಾ 5 ಗಿಗಾಹರ್ಟ್ಜ್ ಅಲೆಗೆ ಆಗುವ ನಷ್ಟ ತೀರಾ ಕಡಿಮೆ. ಮಳೆ ಹನಿ ದೊಡ್ಡ ಅಡ್ಡಿಯಾಗುವುದು 10 ಗಿಗಾಹರ್ಟ್ಜ್ ದಾಟಿದ ಮೇಲೆ. ಜೋರು ಮಳೆಗೆ ಡಿಟಿಎಚ್ ಟಿವಿ ಮಾಯವಾಗುವುದು, ಪಕ್ಕದಲ್ಲೇ ಇರುವ ವೈಫೈ ಉಳಿಯುವುದು ಇದಕ್ಕೇ. ಮಳೆಗಾಲದಲ್ಲಿ ನೆಟ್ ಹೋದರೆ ಮೊದಲು ಶಂಕಿಸಬೇಕಾದದ್ದು ಮರ ಬಿದ್ದು ತುಂಡಾದ ಕೇಬಲ್ ಮತ್ತು ಕರೆಂಟ್.

ತುಂಬಾದ ರಾಡಾರ್ ಮತ್ತು 5 ಗಿಗಾಹರ್ಟ್ಜ್

2.4ರಲ್ಲಿ ಇಷ್ಟು ನೂಕುನುಗ್ಗಲು ಇರುವುದರಿಂದ 5 ಗಿಗಾಹರ್ಟ್ಜ್‌ಗೆ ಹೋಗಿ ಎಂಬುದು ಎಲ್ಲರೂ ಕೊಡುವ ಸಲಹೆ. ಸಲಹೆ ಸರಿಯಾಗೇ ಇದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡ್‌ನಲ್ಲಿ ಒಟ್ಟು 605 ಮೆಗಾಹರ್ಟ್ಜ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. 2.4ರ ಏಳು ಪಟ್ಟಿಗೂ ಹೆಚ್ಚು. ಆದರೆ ಅದಕ್ಕೊಂದು ಷರತ್ತಿದೆ. ಬೇರೆಯವರಿಗೆ ಅಡ್ಡಿ ಮಾಡುವಂತಿಲ್ಲ, ನಿಮಗೆ ಅಡ್ಡಿಯಾದರೆ ರಕ್ಷಣೆ ಕೇಳುವಂತೆಯೂ ಇಲ್ಲ. ಬಾಡಿಗೆಯಿಲ್ಲದ ಮನೆಯ ಕರಾರು ಇದ್ದ ಹಾಗೆ.

ಆ 'ಬೇರೆಯವರು' ಯಾರು ಎಂದು ತಿಳಿಯಲು ತಿರುವನಂತಪುರದ ತುಂಬಾಕ್ಕೆ ಹೋಗಬೇಕು. ಕನ್ನಡದ 'ತುಂಬಾ' ಅಲ್ಲ, ಇದು ಕಡಲ ದಂಡೆಯ ಊರು. ನಮ್ಮ ತುಂಬೆ ಹೂವಿಗೆ ಮಲಯಾಳಿಗಳು ತುಂಬ ಎನ್ನುತ್ತಾರೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸೌಂಡಿಂಗ್ ರಾಕೆಟ್ ಹಾರಿದ್ದು ಇಲ್ಲಿಂದಲೇ. ಇಸ್ರೋದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಇರುವುದೂ ಇಲ್ಲೇ. ಈ ಆವರಣದಲ್ಲಿ ಮಳೆ ಮೋಡಗಳನ್ನು ಗಮನಿಸುವ ಡಾಪ್ಲರ್ ಹವಾಮಾನ ರಾಡಾರ್ ಇದೆ. ಅದು ಸಿ-ಬ್ಯಾಂಡ್ ರಾಡಾರ್, ಅಂದರೆ 5.6 ಗಿಗಾಹರ್ಟ್ಜ್ ಆಸುಪಾಸಿನದು. ವೈಫೈಗೆ ತೆರೆದಿಟ್ಟ 5470ರಿಂದ 5725 ಮೆಗಾಹರ್ಟ್ಜ್ ಪಟ್ಟಿಯ ನಟ್ಟನಡುವೆ.

ರಾಡಾರ್ ಕೆಲಸ ಮಾಡುವುದು ಹೀಗೆ. ಅದು ಭಾರೀ ಶಕ್ತಿಯ ಒಂದು ಕ್ಷಣದ ಅಲೆ ಬಿಟ್ಟು, ನೂರಾರು ಕಿಲೋಮೀಟರ್ ಆಚೆಯ ಮಳೆ ಹನಿಗಳಿಗೆ ಬಡಿದು ವಾಪಸ್ ಬರುವ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಆ ಪ್ರತಿಧ್ವನಿ ಅತ್ಯಂತ ಕ್ಷೀಣ. ಆ ಹೊತ್ತಿಗೆ ಯಾವುದೋ ತಾರಸಿಯ ಮೇಲಿನ ವೈಫೈ ಅದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದ್ದರೆ ರಾಡಾರ್‌ಗೆ ಅದು ಮೋಡದಂತೆಯೇ ಕಾಣುತ್ತದೆ. ಪರದೆಯ ಮೇಲೆ ಕೇಂದ್ರದಿಂದ ಅಂಚಿನವರೆಗೆ ಸೈಕಲ್ ಚಕ್ರದ ಕಡ್ಡಿಯಂತೆ ಒಂದು ಗೆರೆ ಮೂಡುತ್ತದೆ. ಆ ದಿಕ್ಕಿನಲ್ಲಿ ನಿಜವಾದ ಮಳೆ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಸಾಫ್ಟ್‌ವೇರ್‌ನಿಂದ ಆ ಗೆರೆ ಅಳಿಸಬಹುದು, ಆದರೆ ಅದರ ಜೊತೆ ಹಿಂದಿದ್ದ ಸಣ್ಣ ಮೋಡವೂ ಅಳಿಸಿಹೋಗುತ್ತದೆ.

ಇದು ಪುಸ್ತಕದ ಭಯವಲ್ಲ. ಅಮೆರಿಕದ ಪೋರ್ಟೊ ರಿಕೊದ ಸ್ಯಾನ್ ಹುವಾನ್ ವಿಮಾನ ನಿಲ್ದಾಣದ ಹವಾಮಾನ ರಾಡಾರ್‌ನಲ್ಲಿ 2009ರಲ್ಲಿ ಇಂಥ ಗೆರೆಗಳು ಪತ್ತೆಯಾಗಿದ್ದವು. ಹುಡುಕಿದಾಗ ಸಿಕ್ಕಿದ್ದು ಕಟ್ಟಡಗಳ ಮೇಲೆ ಇಂಟರ್ನೆಟ್ ಕಂಪನಿಗಳು ಹಾಕಿದ್ದ 5 ಗಿಗಾಹರ್ಟ್ಜ್ ಸಾಧನಗಳು. ಅಲ್ಲಿನ ದೂರಸಂಪರ್ಕ ನಿಯಂತ್ರಕರು ಕ್ರಮ ಕೈಗೊಳ್ಳಬೇಕಾಯಿತು. ಯುರೋಪಿನ ಹವಾಮಾನ ಇಲಾಖೆಗಳದ್ದೂ ಇದೇ ದೂರು.

ತಿರುವನಂತಪುರದ ಕಡಲತೀರಕ್ಕೆ ಮುನ್ಸೂಚನೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2017ರ ನವೆಂಬರ್ 30ರಂದು ಓಖಿ ಚಂಡಮಾರುತ ಕನ್ಯಾಕುಮಾರಿ ಬಳಿ ದಿಢೀರ್ ಬಲಗೊಂಡಾಗ ಪೂಂತುರ, ವಿಳಿಂಞಂನ ಮೀನುಗಾರರು ಆಗಲೇ ದೋಣಿ ಹತ್ತಿ ಸಮುದ್ರದಲ್ಲಿದ್ದರು. ಅನೇಕರು ಮರಳಲೇ ಇಲ್ಲ. ಆ ದುರಂತಕ್ಕೂ ವೈಫೈಗೂ ಸಂಬಂಧವಿಲ್ಲ. ಆದರೆ ಕೆಲವೇ ಗಂಟೆಗಳ ಎಚ್ಚರಿಕೆ ಎಷ್ಟು ಜೀವದ ಪ್ರಶ್ನೆ ಎಂದು ಆ ಮನೆಗಳವರಿಗೆ ಗೊತ್ತು. ವಿಪರ್ಯಾಸ ನೋಡಿ, 1990ರಲ್ಲಿ ಶುರುವಾದ ಟೆಕ್ನೋಪಾರ್ಕ್ ಇರುವುದು ತುಂಬಾಕ್ಕೆ ಹತ್ತಿರದ ಕಳಕ್ಕೂಟಂನಲ್ಲಿ. ನಗರದಲ್ಲಿ ಅತಿ ಹೆಚ್ಚು ವೈಫೈ ಒಟ್ಟಿಗೆ ಉಸಿರಾಡುವ ಜಾಗ ಮತ್ತು ಅದಕ್ಕೆ ಕಿವಿ ಮುಚ್ಚಿಕೊಳ್ಳಲಾಗದ ರಾಡಾರ್, ಎರಡೂ ನೆರೆಹೊರೆ.

ಕೊಚ್ಚಿಯ ರಾಡಾರ್‌ಗೆ ಈ ಕಾಟವಿಲ್ಲ. ಅದು ಎಸ್-ಬ್ಯಾಂಡ್ ರಾಡಾರ್. 2.7ರಿಂದ 2.9 ಗಿಗಾಹರ್ಟ್ಜ್ ವಲಯದಲ್ಲಿ, ವೈಫೈನ ಎರಡೂ ಬ್ಯಾಂಡ್‌ಗಳಿಂದ ದೂರ. ಕೊಚ್ಚಿ ವಿಶ್ವವಿದ್ಯಾಲಯದ (ಕುಸಾಟ್) ಗಾಳಿ ಅಳೆಯುವ ರಾಡಾರ್ ಇನ್ನೂ ಕೆಳಗೆ, 205 ಮೆಗಾಹರ್ಟ್ಜ್‌ನಲ್ಲಿ, 619 ಆಂಟೆನಾಗಳೊಂದಿಗೆ ಕೆಲಸ ಮಾಡುತ್ತದೆ.

ರೂಟರ್ ಒಂದು ನಿಮಿಷ ಸುಮ್ಮನೆ ಕೂರುವುದೇಕೆ?

ಇದಕ್ಕೊಂದು ಪರಿಹಾರ ಆಗಲೇ ಇದೆ, ಹೆಸರು ಡಿಎಫ್‌ಎಸ್. ರಾಡಾರ್ ಇರಬಹುದಾದ ಚಾನೆಲ್ ಬಳಸುವ ಮೊದಲು ರೂಟರ್ 60 ಸೆಕೆಂಡ್ ಏನೂ ಮಾತಾಡದೆ ಕೇಳಬೇಕು. 5600ರಿಂದ 5650 ಮೆಗಾಹರ್ಟ್ಜ್ ನಡುವಿನ ಹವಾಮಾನ ರಾಡಾರ್ ಜಾಗಕ್ಕೆ ಯುರೋಪಿನ ನಿಯಮದಂತೆ 10 ನಿಮಿಷ ಕಾಯಬೇಕು. ಬಳಸುತ್ತಿರುವಾಗ ರಾಡಾರ್ ಸದ್ದು ಕೇಳಿದರೆ 10 ಸೆಕೆಂಡ್ ಒಳಗೆ ಜಾಗ ಖಾಲಿ ಮಾಡಿ, ಮುಂದಿನ ಅರ್ಧ ಗಂಟೆ ಆ ಕಡೆ ತಿರುಗಿ ನೋಡುವಂತಿಲ್ಲ. ಯಾವ ಕಾರಣವೂ ಇಲ್ಲದೆ 5 ಗಿಗಾಹರ್ಟ್ಜ್ ವೈಫೈ ಕಟ್ ಆಗಿ ಮತ್ತೆ ಬಂದರೆ ಒಮ್ಮೊಮ್ಮೆ ಕಾರಣ ಇದೇ.

ಈ ವ್ಯವಸ್ಥೆಯನ್ನು ಕೆಡಿಸುವುದು ಮನುಷ್ಯರ ಜಾಣತನ. 'ಹೆಚ್ಚು ಪವರ್ ಸಿಗುತ್ತದೆ' ಎಂದು ರೂಟರ್ ಸೆಟ್ಟಿಂಗ್‌ನಲ್ಲಿ ದೇಶದ ಹೆಸರು ಬದಲಿಸುವುದು, ಯೂಟ್ಯೂಬ್ ನೋಡಿ ಡಿಎಫ್‌ಎಸ್ ಆಫ್ ಮಾಡುವುದು. ಮನೆಯೊಳಗಿನ ಪುಟ್ಟ ರೂಟರ್‌ನಿಂದ ಆಗುವ ಹಾನಿ ಕಡಿಮೆ, ಗೋಡೆಗಳೇ ತಡೆಯುತ್ತವೆ. ತಾರಸಿ ಮೇಲೆ ಕಟ್ಟಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಟ್ ಕಳಿಸುವ ಡಿಶ್‌ಗಳದ್ದು ಬೇರೆ ಕಥೆ. ಸ್ಯಾನ್ ಹುವಾನ್‌ನಲ್ಲಿ ಸಿಕ್ಕಿಬಿದ್ದದ್ದೂ ಇಂಥವೇ.

ಹೊರಾಂಗಣ ವೈಫೈಯನ್ನೇ ಜೀವ ಉಳಿಸಲು ಬಳಸಿದ ಪ್ರಯೋಗವೂ ಕೇರಳದಲ್ಲಿ ನಡೆದಿದೆ. ಕೊಚ್ಚಿ ಮತ್ತು ತಿರುವನಂತಪುರದ ನಡುವಿನ ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿ ಅಮೃತ ವಿಶ್ವವಿದ್ಯಾಪೀಠಂನ ಸಂಶೋಧಕರು 'ಓಷನ್‌ನೆಟ್' ಹೆಸರಿನಲ್ಲಿ ದೂರಗಾಮಿ ವೈಫೈ ಬಳಸಿ ದಡದಿಂದ ಹತ್ತಾರು ಕಿಲೋಮೀಟರ್ ಆಚೆಯ ಮೀನುಗಾರಿಕಾ ದೋಣಿಗಳಿಗೆ ಇಂಟರ್ನೆಟ್ ತಲುಪಿಸಿದ್ದರು. ಸಮುದ್ರದಲ್ಲಿ ಗೋಡೆ ಇಲ್ಲ, ಪಕ್ಕದ ಮನೆ ರೂಟರ್ ಇಲ್ಲ. ಹಾಗೆಂದು ಸುಲಭವೂ ಅಲ್ಲ. ದೋಣಿ ಓಲಾಡಿದರೆ ಆಂಟೆನಾದ ದಿಕ್ಕು ತಪ್ಪುತ್ತದೆ. ನೀರಿನ ಮೇಲ್ಮೈ ಕನ್ನಡಿಯಂತೆ ಅಲೆಯನ್ನು ಪ್ರತಿಫಲಿಸುತ್ತದೆ. ನೇರ ಬಂದ ಅಲೆ ಮತ್ತು ನೀರಿಗೆ ಬಡಿದು ಬಂದ ಅಲೆ ಒಂದರ ಏರು ಇನ್ನೊಂದರ ಇಳಿವಿಗೆ ಸೇರಿದರೆ ಎರಡೂ ಅಳಿಸಿಹೋಗುತ್ತವೆ. 5.8 ಗಿಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಐದು ಸೆಂಟಿಮೀಟರ್ ಚಿಲ್ಲರೆ, ಅದರ ಅರ್ಧದಷ್ಟು ದಾರಿ ವ್ಯತ್ಯಾಸ ಸಾಕು. ಕೊಚ್ಚಿಯ ಹಿನ್ನೀರಿನಲ್ಲಿ ಭರತ ಇಳಿತದ ನಡುವೆ ನೀರಿನ ಮಟ್ಟ ಒಂದು ಮೀಟರ್ ಆಸುಪಾಸು ಬದಲಾಗುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಾಕಿದ ಲಿಂಕ್ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೈಕೊಟ್ಟರೆ ಕಾರಣ ನೀರಲ್ಲಿರಬಹುದು. ಬೇರೆ ಬೇರೆ ಎತ್ತರದಲ್ಲಿ ಎರಡು ಆಂಟೆನಾ ಹಾಕುವುದು ಇದಕ್ಕೆ ಮದ್ದು.

ಮನೆಯಲ್ಲಿ ಏನು ಮಾಡಬಹುದು?

ದುಡ್ಡು ಖರ್ಚು ಮಾಡುವ ಮೊದಲು ರೂಟರ್‌ನ ಜಾಗ ಬದಲಿಸಿ. ಟಿವಿ ಹಿಂದೆ, ಬೀರು ಮೇಲೆ, ಮೀನಿನ ತೊಟ್ಟಿ ಪಕ್ಕ ಬೇಡ. ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ ಇರಲಿ. ಫೈಬರ್ ಎಲ್ಲಿ ಒಳಬಂತೋ ಅಲ್ಲೇ ರೂಟರ್ ಬಿಟ್ಟುಬಿಡುವುದು ನಮ್ಮಲ್ಲಿ ಆಗುವ ಅತಿ ಸಾಮಾನ್ಯ ಯಡವಟ್ಟು. ಟಿವಿ, ಕಂಪ್ಯೂಟರ್‌ನಂತೆ ಕದಲದ ಸಾಧನಗಳಿಗೆ ತಂತಿಯನ್ನೇ ಕೊಟ್ಟರೆ ಗಾಳಿಯಲ್ಲಿ ಒಂದು ಸರದಿ ಉಳಿಯುತ್ತದೆ. ಅಗ್ಗದ ರಿಪೀಟರ್ ಸಿಗ್ನಲ್ ಕಡ್ಡಿ ಹೆಚ್ಚಿಸುತ್ತದೆ ನಿಜ, ಆದರೆ ಪ್ರತಿ ಮಾತನ್ನೂ ಎರಡು ಸಲ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯಬಹುದು. ಮುರಕಲ್ಲಿನ ಮನೆಯಾದರೆ ಕೇಬಲ್ ಎಳೆದು ಆಚೆ ಕೋಣೆಗೆ ಇನ್ನೊಂದು ರೂಟರ್ ಹಾಕುವುದೇ ಲೇಸು.

2.4 ಗಿಗಾಹರ್ಟ್ಜ್‌ಗೆ ಚಾನೆಲ್ 1, 6 ಅಥವಾ 11, ಅಗಲ 20 ಮೆಗಾಹರ್ಟ್ಜ್ ಎಂದು ಇಡಿ. 40 ಎಂದು ಕೊಟ್ಟರೆ ಅಪಾರ್ಟ್‌ಮೆಂಟ್‌ನಲ್ಲಿ ನಿಮಗೂ ಲಾಭವಿಲ್ಲ, ಪಕ್ಕದವರಿಗೂ ನೆಮ್ಮದಿಯಿಲ್ಲ. 5 ಗಿಗಾಹರ್ಟ್ಜ್‌ನಲ್ಲಿ 36ರಿಂದ 48 ಅಥವಾ 149ರಿಂದ 165ರ ಚಾನೆಲ್‌ಗಳಿಗೆ ರಾಡಾರ್ ಗೋಜಿಲ್ಲ. 120, 124, 128 ಹವಾಮಾನ ರಾಡಾರ್‌ನ ಜಾಗ, ತುಂಬಾ ಸುತ್ತಮುತ್ತ ಇರುವವರು ಇವನ್ನು ಬಿಟ್ಟುಬಿಡುವುದು ಒಳ್ಳೆಯದು. 6 ಗಿಗಾಹರ್ಟ್ಜ್‌ನ ಕೆಳಭಾಗವಾದ 5925ರಿಂದ 6425 ಮೆಗಾಹರ್ಟ್ಜ್ ಪಟ್ಟಿಯನ್ನೂ ವೈಫೈಗೆ ಬಿಡಲು ಕೇಂದ್ರ 2025ರ ಮೇ ತಿಂಗಳಲ್ಲಿ ಕರಡು ನಿಯಮ ಪ್ರಕಟಿಸಿತ್ತು. ಆ ಅಲೆಗಳಿಗೆ ಗೋಡೆ ದಾಟುವುದು ಇನ್ನೂ ಕಷ್ಟ, ಆದರೆ ಒಂದೇ ಕೋಣೆಯೊಳಗೆ ವೇಗಕ್ಕೆ ಕೊರತೆಯಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ 2.4 ಗಿಗಾಹರ್ಟ್ಜ್ ವೈಫೈ ಹೆಸರು ತಕ್ಷಣ ಕಾಣಿಸಿ, 5 ಗಿಗಾಹರ್ಟ್ಜ್ ಹೆಸರು ಒಂದು ನಿಮಿಷ ತಡವಾಗಿ ಬಂದರೆ ಗಾಬರಿಯಾಗಿ ರೂಟರ್ ರೀಸೆಟ್ ಮಾಡಬೇಡಿ. ಅದು ರಾಡಾರ್ ಇದೆಯೇ ಎಂದು ಕೇಳಿಸಿಕೊಳ್ಳುತ್ತಿರಬಹುದು. ರೀಸೆಟ್ ಮಾಡಿದರೆ ಆ 60 ಸೆಕೆಂಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ.